ಪೀಪಿ ಕೊಟ್ಟ ಸ್ವರ

ಪೀಪಿ ಎಂಬ ಹೆಸರಿಟ್ಟವಳು ಅಕ್ಕ. ತಂಗಿ ಮೊದಲ ಸಲ ಓಬೋ ಊದಿದ ದಿನ, ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಮ್ಮ, ಯಾವುದೋ ಬಾತುಕೋಳಿ ಬಾಗಿಲ ಸಂದಿಗೆ ಸಿಕ್ಕಿಕೊಂಡಿತೆಂದು ಇಸ್ತ್ರಿಪೆಟ್ಟಿಗೆ ಹಾಗೇ ಬಿಟ್ಟು ಮೆಟ್ಟಿಲು ಹತ್ತಿ ಓಡಿಬಂದಿದ್ದಳು. ಗಿರಾಕಿಯೊಬ್ಬರ ಅಂಗಿಯ ಬೆನ್ನ ಮೇಲೆ ಕಂದು ಮುದ್ರೆ ಬಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, "ಬಾತುಕೋಳಿ ಅಲ್ಲಮ್ಮ, ನಮ್ಮನೆ ಪೀಪಿ" ಎಂದಳು. ಅಂಗಿಯ ಕಲೆಯೂ ಹೋಗಲಿಲ್ಲ, ಆ ಹೆಸರೂ ಹೋಗಲಿಲ್ಲ. ಅಂಗಿಯನ್ನು ಈಗ ಅಪ್ಪ ಹಾಕಿಕೊಳ್ಳುತ್ತಾರೆ. ಮೇಲೆ ಕೋಟು ಇದ್ದರೆ ಯಾರಿಗೆ ಕಾಣುತ್ತದೆ ಎನ್ನುವುದು ಅವರ ವಾದ.

ಓಬೋ ಎಂದರೆ ತೋಳುದ್ದದ ಕಪ್ಪು ಮರದ ಕೊಳವೆ. ಅದರ ಜೀವವೆಲ್ಲ ಇರುವುದು ತುದಿಗೆ ಸಿಕ್ಕಿಸುವ, ಬೆರಳುದ್ದವೂ ಇಲ್ಲದ ಒಂದು ಚೂರಿನಲ್ಲಿ. ಜೊಂಡಿನ ಎರಡು ತೆಳು ಪದರಗಳನ್ನು ಎದುರುಬದುರಾಗಿಟ್ಟು ದಾರ ಸುತ್ತಿ ಬಿಗಿದರೆ ಅದೇ ರೀಡು. ಊದುವವರು ಅದನ್ನು ತಾವೇ ಕೆತ್ತಿಕೊಳ್ಳುತ್ತಾರೆ. ಅದು ಒಂದು ಕೂದಲೆಳೆ ಗಿಡ್ಡವಾದರೂ ಶ್ರುತಿ ಏರುತ್ತದೆ, ಉದ್ದವಾದರೆ ಇಳಿಯುತ್ತದೆ. ಹಾಗಾಗಿ ಅವರ ಅಡುಗೆಮನೆಯ ಮೇಜಿನ ಮೇಲೆ ಸದಾ ಚಾಕು, ದಾರ, ಜೊಂಡಿನ ಪುಡಿ. ಅಪ್ಪ ತಟ್ಟೆಯನ್ನೊಮ್ಮೆ ಊದಿಯೇ ಊಟಕ್ಕೆ ಕೂರುತ್ತಿದ್ದರು. "ಹುಲ್ಲು ಬಡಿಸ್ತೀರಲ್ಲ, ನಾನೇನು ದನಾನಾ?" ಎಂದು ಕೇಳುವುದು ಅವರ ದಿನದ ಪಾಠವಾಗಿತ್ತು.

ಪೀಪಿ ಓಬೋ ಕಲಿಯುತ್ತಿದ್ದ ಸಂಗೀತ ಶಾಲೆಯಲ್ಲೇ ಅಕ್ಕ ಹಾಡುಗಾರಿಕೆ ಕಲಿಯುತ್ತಿದ್ದಳು. ಅವಳಿಗದು ಕೊನೆಯ ವರ್ಷ. ಪೀಪಿಗೆ ಆರ್ಕೆಸ್ಟ್ರಾದಲ್ಲಿ ಮೊದಲ ವರ್ಷ. ಹಳೆಯ ಓಬೋ ಹುಡುಗ ಓದು ಮುಗಿಸಿ ಹೋಗಿದ್ದ, ಬೇರೆ ಯಾರೂ ಇರಲಿಲ್ಲ, ಆದ್ದರಿಂದ ಇವಳಿಗೆ ಕುರ್ಚಿ ಸಿಕ್ಕಿತು. ಕುರ್ಚಿಯ ಜೊತೆ ಇನ್ನೊಂದು ಹೊಣೆಯೂ ಅಂಟಿಕೊಂಡು ಬರುತ್ತದೆ ಎನ್ನುವುದು ಅವಳಿಗೆ ತಿಳಿದದ್ದು ಮೊದಲ ಅಭ್ಯಾಸದ ದಿನ.

ಆರ್ಕೆಸ್ಟ್ರಾ ನಡೆಸುತ್ತಿದ್ದವರನ್ನು ಎಲ್ಲರೂ ಕಡ್ಡಿ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರು ತಾಳ ತೋರಿಸುವ ಕೈಯ ಕಡ್ಡಿಗೆ ಬಂದ ಹೆಸರೋ ಮೈಕಟ್ಟಿಗೆ ಬಂದ ಹೆಸರೋ ಹೇಳುವುದು ಕಷ್ಟ. ಅವರು ಬಂದು ನಿಂತರು, ಗಲಾಟೆ ಅಡಗಿತು, ಅವರ ದೃಷ್ಟಿ ಎಲ್ಲರನ್ನೂ ದಾಟಿ ಇವಳ ಮೇಲೆ ನಿಂತಿತು.

"ಸ್ವರ ಕೊಡಮ್ಮ."

ಪೀಪಿ ಕಣ್ಣು ಕಣ್ಣು ಬಿಟ್ಟಳು. ಪಕ್ಕದ ಕೊಳಲಿನವಳು ಪಿಸುಗುಟ್ಟಿದಳು: "ಓಬೋ ಕೊಟ್ಟ ಸ್ವರಕ್ಕೇ ಎಲ್ಲರೂ ಶ್ರುತಿ ಮಾಡ್ಕೊಳ್ಳೋದು ಕಣೇ. ಊದು!"

ಪೀಪಿ ಚೀಲದಿಂದ ಶ್ರುತಿ ತೋರಿಸುವ ಯಂತ್ರ ತೆಗೆಯಲು ಹೋದಳು. ಮೇಷ್ಟ್ರು ಬೇಡವೆಂದು ಕಡ್ಡಿ ಆಡಿಸಿದರು. ಆ ಶಾಲೆಯಲ್ಲಿ ಹಿಂದಿನಿಂದ ಬಂದ ಕಟ್ಟುನಿಟ್ಟು ಅದು. ಯಂತ್ರದ ಜೊತೆ ಮನೆಯಲ್ಲಿ ಎಷ್ಟು ಬೇಕಾದರೂ ಗುದ್ದಾಡಬಹುದು, ಆದರೆ ಈ ಕೋಣೆಗೆ ಅದು ಬರಕೂಡದು.

"ಯಂತ್ರ ನೋಡಿ ಕೊಟ್ರೆ ಇವರೆಲ್ಲ ಯಂತ್ರದ ಮಾತು ಕೇಳ್ತಾರೆ. ನಿನ್ನ ಮಾತು ಕೇಳ್ಬೇಕು. ದಿನಾ ಬೆಳಿಗ್ಗೆ ಎದ್ದು ಆ ಒಂದು ಸ್ವರ ಊದು, ಅದು ನಿನ್ನ ತಲೇಲಿ ಮನೆ ಮಾಡೋವರೆಗೆ ಊದು. ಇಲ್ಲಿ ನೀನು ಕೊಟ್ಟಿದ್ದೇ ಸರಿ. ನಾನೂ ಪ್ರಶ್ನೆ ಮಾಡಲ್ಲ, ಇನ್ನೊಬ್ರೂ ಮಾಡಲ್ಲ."

ಪೀಪಿ ಉಸಿರೆಳೆದು ಊದಿದಳು. ಬಾತುಕೋಳಿಯ ಕಾಲ ಎಂದೋ ಮುಗಿದಿತ್ತು. ನೇರವಾದ, ಸಣ್ಣನೆಯ ದನಿ ಹೊರಟಿತು. ಮೊದಲು ಪಿಟೀಲುಗಳು ಅದನ್ನು ತಡವುತ್ತ ಬಂದವು, ಒಂದು ತುಸು ಮೇಲೆ, ಒಂದು ತುಸು ಕೆಳಗೆ, ಆಮೇಲೆ ಎಲ್ಲವೂ ಒಂದೇ ಕಡೆ ಬಂದು ಕೂತವು. ಹಿಂದೆಯೇ ದೊಡ್ಡ ಪಿಟೀಲಿನಂಥ ಚೆಲ್ಲೋಗಳು, ಕೊಳಲುಗಳು, ಕೊನೆಗೆ ಹಿಂದಿನ ಸಾಲಿನ ಹಿತ್ತಾಳೆಯ ತುತ್ತೂರಿಗಳು. ನೋಡನೋಡುತ್ತಿದ್ದಂತೆ ನೆಲದ ಹಲಗೆ, ಕುರ್ಚಿಯ ಕಾಲು, ಕಿಟಕಿಯ ಗಾಜು ಎಲ್ಲವೂ ಅದೇ ಸ್ವರದಲ್ಲಿ ಗುಂಯ್‌ಗುಡತೊಡಗಿದವು. ಅವಳಿಗಿಂತ ದೊಡ್ಡವರು, ಗಡ್ಡ ಬಂದವರು, ಅವಳ ಹೆಸರೂ ಗೊತ್ತಿಲ್ಲದವರು, ಎಲ್ಲರೂ ಅವಳ ಬಾಯಿಂದ ಹೊರಟಿದ್ದನ್ನು ಮರುಮಾತಿಲ್ಲದೆ ಒಪ್ಪಿಕೊಂಡಿದ್ದರು. ಪೀಪಿಗೆ ಮೈ ಜುಂ ಎಂದಿತು. ಆ ದಿನ ಅವರು ಏನೇನು ನುಡಿಸಿದರೋ ಅವಳಿಗೆ ನೆನಪಿಲ್ಲ. ಆ ಒಂದು ಗಳಿಗೆ ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ವರ್ಷದ ಮೊದಲ ಕಛೇರಿ ಕೆಟ್ಟದಾಗೇನೂ ಆಗಲಿಲ್ಲ. ಟ್ಯೂಬಾ ಎಂಬ ದೊಡ್ಡ ಬಾಯಿಯ ತುತ್ತೂರಿ ಊದುವ ಡೊಳ್ಳುಹೊಟ್ಟೆಯ ಹುಡುಗ ಮೆಲುದನಿಯ ಭಾಗದಲ್ಲಿ ಸೀನಿದ, ಅದೂ ಟ್ಯೂಬಾದೊಳಕ್ಕೇ. ಸಭೆಯಲ್ಲಿ ಮುಂದಿನ ಸಾಲಿನವರು ಬೆಚ್ಚಿಬಿದ್ದರು. ಮೇಷ್ಟ್ರ ಬೆನ್ನು ಅಲುಗಲಿಲ್ಲ, ಆದರೆ ಕಿವಿ ಕೆಂಪಾದದ್ದನ್ನು ಇಡೀ ಆರ್ಕೆಸ್ಟ್ರಾ ನೋಡಿತು. ಇಷ್ಟೆಲ್ಲ ಆದರೂ ಕೊನೆಯ ಸ್ವರ ನಿಂತ ಮೇಲೆ ಜನ ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದರು.

ಅದಾದ ವಾರವೇ ಹಾಡುನಾಟಕದ ಪಾತ್ರಗಳನ್ನು ಹಂಚಿದರು. ಪ್ರತಿ ವರ್ಷವೂ ಕೊನೆಯ ಕಾರ್ಯಕ್ರಮ ಅದೇ, ಮಾತಿಗಿಂತ ಹಾಡು ಹೆಚ್ಚಿರುವ ನಾಟಕ, ರಂಗದ ಮುಂದೆ ನೆಲ ತಗ್ಗಿಸಿ ಮಾಡಿದ ಹಳ್ಳದಲ್ಲಿ ಕೂತ ಆರ್ಕೆಸ್ಟ್ರಾ. ಈ ಸಲದ ಕತೆಯಲ್ಲಿ ಕಡಲ ದಂಡೆಯ ದೀಪಸ್ತಂಭದ ಕಾವಲುಗಾರ, ಅವನ ಮಗಳು, ಅವಳನ್ನು ಮದುವೆಯಾಗಬೇಕೆಂದು ಜಗಳವಾಡುವ ಇಬ್ಬರು ಪೆದ್ದು ಕ್ಯಾಪ್ಟನ್‌ಗಳು. ಬೇಕಾದಷ್ಟು ನಗು. ಆದರೆ ಕೊನೆಯಲ್ಲಿ ಬಿರುಗಾಳಿಗೆ ದೀಪ ಆರಿಹೋಗುತ್ತದೆ. ರಂಗದ ಮೇಲೆ ಕತ್ತಲು. ವಾದ್ಯಗಳೆಲ್ಲ ನಿಲ್ಲುತ್ತವೆ. ದಿಕ್ಕು ತಪ್ಪಿದ ಹಡಗಿಗೆ ದಾರಿ ತೋರಿಸಲು ಮಗಳು ಒಬ್ಬಳೇ, ಯಾವ ಆಸರೆಯೂ ಇಲ್ಲದೆ ಹಾಡುತ್ತಾಳೆ. ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿ ಒಂದು ಎತ್ತರದ ಸ್ವರದಲ್ಲಿ ನಿಲ್ಲುತ್ತದೆ. ಅವಳು ಅದನ್ನು ಹಿಡಿದಿರುವಾಗಲೇ ದೂರದಿಂದ ಹಡಗಿನ ಕಹಳೆ ಅದೇ ಸ್ವರದಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಆರ್ಕೆಸ್ಟ್ರಾ ಪೂರ್ತಿ ಎದ್ದು ಬರುತ್ತದೆ.

ಮಗಳ ಪಾತ್ರ ಅಕ್ಕನಿಗೆ ಬಂತು. ಕಹಳೆಯ ಉತ್ತರ ಓಬೋಗೆ ಬರೆದಿತ್ತು.

"ಅಂದ್ರೆ ನೀನು ಹಡಗು!" ಎಂದು ಅಕ್ಕ ಕುಣಿದಾಡಿದಳು. "ಮುಳುಗಿಬಿಟ್ಟೀಯ, ಹುಷಾರು."

ಚಳಿಗಾಲದ ನಡುವೆ ಅಕ್ಕನ ಗಂಟಲು ಕೈಕೊಟ್ಟಿತು. ಮೊದಲು ನೆಗಡಿ ಎಂದುಕೊಂಡರು. ದನಿ ಒಡೆಯಿತು, ಆಮೇಲೆ ಬರೀ ಗಾಳಿಯಾಯಿತು. ಗಂಟಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ದನಿಯ ತಂತುಗಳು ಊದಿಕೊಂಡಿವೆ, ತಾವು ಹೇಳುವವರೆಗೆ ತುಟಿ ಪಿಟಕ್ಕೆನ್ನಕೂಡದು, ಪಿಸುಮಾತೂ ಕೂಡದು ಎಂದರು. ದನಿ ಮೊದಲಿನಂತೆ ಬರುತ್ತದೆಯೇ ಎಂದು ಅಮ್ಮ ಕೇಳಿದ್ದಕ್ಕೆ ಅವರು ಕನ್ನಡಿ ಒರೆಸುತ್ತ, "ನೋಡೋಣ" ಎಂದರು. ಆ "ನೋಡೋಣ" ಮನೆಯವರೆಗೂ ಅವರ ಜೊತೆಯೇ ಬಂತು.

ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಮನೆ ಹೇಗಿರುತ್ತದೆ? ಅಪ್ಪ ಮೊದಲೆರಡು ದಿನ, "ಅಬ್ಬಾ, ನಮ್ಮನೆ ರೇಡಿಯೋಗೂ ರಜೆ ಸಿಕ್ತು" ಎಂದು ತಮಾಷೆ ಮಾಡಿದರು. ಮೂರನೆಯ ದಿನ ಊಟದ ಮಧ್ಯೆ ಎದ್ದುಹೋಗಿ ಕೈ ತೊಳೆದುಕೊಂಡರು. ಅಕ್ಕನಿಗೆ ಹಬೆ ಒಳ್ಳೆಯದೆಂದು ಅಮ್ಮ ಅವಳನ್ನು ಲಾಂಡ್ರಿಯಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಗಿರಾಕಿಗಳು ಏನಾದರೂ ಕೇಳಿದರೆ ಅಕ್ಕ ಕೈಸನ್ನೆ ಮಾಡುವಳು, ಅವರು ಪಾಪ ಹುಟ್ಟುಮೂಗಿ ಎಂದು ಲೊಚಗುಟ್ಟುವರು. ಅಕ್ಕನ ಕಣ್ಣಲ್ಲಿ ಬೆಂಕಿ ಹಾರುವುದು, ಆದರೆ ಬಾಯಿ ತೆರೆಯುವ ಹಾಗಿಲ್ಲ.

ಬೆಳಿಗ್ಗೆ ಲಾಂಡ್ರಿ ತೆರೆಯುವ ಮೊದಲು ಪೀಪಿ ಅಲ್ಲೇ ನಿಂತು ಊದುತ್ತಿದ್ದಳು. ಒಣಗಲು ಹಾಕಿದ ಚಾದರಗಳ ನಡುವೆ ದನಿ ಮೆತ್ತಗಾಗುತ್ತಿತ್ತು, ನೆರೆಮನೆಯವರು ಬೈಯುತ್ತಿರಲಿಲ್ಲ. ಮೇಷ್ಟ್ರು ಹೇಳಿದ ಒಂದೇ ಸ್ವರ, ಉಸಿರು ಮುಗಿಯುವವರೆಗೆ, ಮತ್ತೆ, ಮತ್ತೆ. ಅಕ್ಕ ಬಂದು ಬಟ್ಟೆಗಂಟಿನ ಮೇಲೆ ಮೊಣಕಾಲು ಮಡಿಸಿ, ಕಣ್ಣು ಮುಚ್ಚಿ ಕೂರುವಳು. ಬೇರೆ ಕೆಲಸವಿಲ್ಲ, ಬೇಸರಕ್ಕೆ ಬಂದು ಕೂರುತ್ತಾಳೆ ಎಂದುಕೊಂಡಿದ್ದಳು ಪೀಪಿ. ಒಮ್ಮೆ ನಿಲ್ಲಿಸಿದಾಗ ಅಕ್ಕ ಕಣ್ಣು ತೆರೆಯದೆಯೇ ಕೈಯೆತ್ತಿ ಊದು ಊದು ಎಂದು ಸನ್ನೆ ಮಾಡಿದಳು.

ಚಳಿ ಕಳೆದ ಮೇಲೆ ಡಾಕ್ಟರು ಮಾತಿಗೆ ಅಪ್ಪಣೆ ಕೊಟ್ಟರು, ಆಮೇಲೆ ಹಾಡಿಗೂ ಕೊಟ್ಟರು. ದನಿ ಬಂತು. ಸಣ್ಣಗೆ, ಅಂಜಿಕೊಂಡು ಬಂತು, ಹೊಸ ಚಪ್ಪಲಿ ಹಾಕಿಕೊಂಡವರು ನಡೆಯುವ ಹಾಗೆ. ಎಲ್ಲ ಸರಿಯಾಗಿತ್ತು, ಆ ಎತ್ತರದ ಸ್ವರ ಒಂದನ್ನು ಬಿಟ್ಟು. ಒಂದು ದಿನ ಅದು ನಿಲ್ಲುವುದು, ಇನ್ನೊಂದು ದಿನ ನಡುವೆಯೇ ಬಿರುಕು ಬಿಡುವುದು. ಹಾಡಿನ ಮೇಡಂ ಬದಲಿ ಹುಡುಗಿಯೊಬ್ಬಳನ್ನು ತಯಾರು ಮಾಡಿ ಇಟ್ಟುಕೊಂಡರು. ತಪ್ಪೇನಲ್ಲ, ಅವರು ನಾಟಕವನ್ನೂ ನೋಡಬೇಕಲ್ಲ. ಆ ಹುಡುಗಿ ಪರದೆಯ ಪಕ್ಕ ನಿಂತು ಅಕ್ಕನ ಜೊತೆಗೇ ತುಟಿ ಆಡಿಸುತ್ತಿದ್ದಳು. ಎರಡು ಪ್ರದರ್ಶನಗಳಿದ್ದವು. ಮೊದಲನೆಯದು ಅಕ್ಕನದು, ಅಲ್ಲಿ ದನಿ ಒಡೆದರೆ ಎರಡನೆಯದು ಬದಲಿಯವಳದು ಎಂದು ಮೇಡಂ ಮುಖ ಬೇರೆ ಕಡೆ ತಿರುಗಿಸಿ ಹೇಳಿದರು.

ಕೊನೆಯ ಅಭ್ಯಾಸದಲ್ಲೂ ಅದು ಒಡೆಯಿತು. ಮನೆಗೆ ಬರುವಾಗ ಅಕ್ಕ ಪೀಪಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಲಾಂಡ್ರಿಯ ಬಾಗಿಲಲ್ಲಿ ನಿಂತು ಹೇಳಿದಳು: "ನಾಳೆ ಒಡೆದ್ರೆ ಮುಗೀತು ಪೀಪಿ. ಇನ್ನು ಹಾಡಲ್ಲ. ಅಮ್ಮನ ಜೊತೆ ಇಸ್ತ್ರಿ ಮಾಡ್ಕೊಂಡಿರ್ತೀನಿ."

"ಏನೇನೋ ಮಾತಾಡ್ಬೇಡ ಅಕ್ಕ."

"ಏನೇನೋ ಅಲ್ಲ. ಪ್ರತಿ ಸಲ ಹೆದರ್ಕೊಂಡು ಹಾಡೋಕಾಗಲ್ಲ ನಂಗೆ."

ಅಕ್ಕ ಹಟಮಾರಿ. ಹೇಳಿದರೆ ಮಾಡುವವಳೇ. ಪೀಪಿ ಅಡುಗೆಮನೆಯ ಮೇಜಿನ ಮುಂದೆ ಕೂತು, ಚಾಕು ತೆಗೆದು, ಹೊಸ ರೀಡು ಒಂದನ್ನು ಕಟ್ಟಿದಳು. ಎಂದಿಗಿಂತ ಒಂದು ಕೂದಲೆಳೆ ಉದ್ದ. ಅದು ಕೊಡುವ ಸ್ವರ ಸರಿಯಾದದ್ದಕ್ಕಿಂತ ಕೊಂಚ ತಗ್ಗಿನದು. ಅವಳು ತಗ್ಗಿಸಿ ಕೊಟ್ಟರೆ ಇಡೀ ಆರ್ಕೆಸ್ಟ್ರಾ ತಗ್ಗುತ್ತದೆ, ಅದರ ಜೊತೆ ಇಡೀ ನಾಟಕ ತಗ್ಗುತ್ತದೆ, ಅಕ್ಕ ಹತ್ತಬೇಕಾದ ಆ ಎತ್ತರವೂ ಒಂದಿಷ್ಟು ತಗ್ಗುತ್ತದೆ. ಯಾರೂ ಪ್ರಶ್ನಿಸುವುದಿಲ್ಲ. ಅವಳು ಕೊಟ್ಟದ್ದೇ ಸರಿ. ಇಷ್ಟು ಸುಲಭದ ಉಪಾಯ ಎದುರಿಗೇ ಇದ್ದರೂ ಅವಳು ಎಂದಿನ ರೀಡನ್ನೂ ಡಬ್ಬಿಗೆ ಹಾಕಿಕೊಂಡಳು.

ಮಾರನೆಯ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅಪ್ಪ ಮುದ್ರೆಬಿದ್ದ ಅಂಗಿಯ ಮೇಲೆ ಕೋಟು ಹಾಕಿಕೊಂಡು ಬಂದಿದ್ದರು, ಸೆಖೆಗೆ ಬೆವರುತ್ತಿದ್ದರೂ ಬಿಚ್ಚುವಂತಿರಲಿಲ್ಲ. ಪೀಪಿ ಹಳ್ಳದಲ್ಲಿ ತನ್ನ ಕುರ್ಚಿಯ ಪಕ್ಕ ಪುಟ್ಟ ನೀರಿನ ಬಟ್ಟಲಿಟ್ಟಳು. ರೀಡು ಒಣಗದಂತೆ ಓಬೋದವರು ಅದನ್ನು ನೆನೆಹಾಕಿಕೊಳ್ಳುತ್ತಾರೆ. ಬಟ್ಟಲಲ್ಲಿ ಎರಡಿದ್ದವು, ಉದ್ದದ್ದು ಮತ್ತು ಎಂದಿನದು.

"ಸ್ವರ ಕೊಡಮ್ಮ" ಎಂದರು ಮೇಷ್ಟ್ರು.

ಅವಳು ಉದ್ದದ್ದನ್ನು ಸಿಕ್ಕಿಸಿ ಊದಿದಳು. ಪಿಟೀಲುಗಳು ತಡವುತ್ತ ಬಂದವು, ಒಂದು ಕ್ಷಣ ಅನುಮಾನಿಸಿದವು, ಆಮೇಲೆ ತಂತಿ ಸಡಿಲಿಸಿಕೊಂಡು ಇಳಿದವು. ಚೆಲ್ಲೋ ಇಳಿಯಿತು, ಕೊಳಲು ಇಳಿಯಿತು, ತುತ್ತೂರಿಗಳು ನಳಿಗೆ ಎಳೆದುಕೊಂಡು ಇಳಿದವು. ಒಬ್ಬರೂ ಹುಬ್ಬೇರಿಸಲಿಲ್ಲ. ಮೊದಲ ದಿನ ಮೈ ಜುಂ ಎನ್ನಿಸಿದ್ದ ಅದೇ ನಂಬಿಕೆಗೆ ಇಂದು ಪೀಪಿಯ ಎದೆ ಧಸಕ್ಕೆಂದಿತು. ಬಾವಿಗೆ ಕರೆದರೂ ಇವರು ಬರುತ್ತಾರಲ್ಲ ಎನ್ನಿಸಿತು.

ಬಗ್ಗದೆ ಉಳಿದವನು ಒಬ್ಬನೇ, ಠಣ್ಣ ಎಂದು ಎಲ್ಲರೂ ಕರೆಯುವ ಹುಡುಗ. ಉಕ್ಕಿನ ಪಟ್ಟಿಗಳ ಮೇಲೆ ಪುಟ್ಟ ಸುತ್ತಿಗೆಯಿಂದ ಬಡಿಯುವ ಗಂಟೆವಾದ್ಯ ಅವನದು. ಉಕ್ಕನ್ನು ಯಾರು ತಗ್ಗಿಸುತ್ತಾರೆ? ಮೊದಲ ಅಂಕದಲ್ಲಿ ಅವನು ಬಡಿದಾಗಲೆಲ್ಲ ಆ ಠಣ್ ಎಲ್ಲರಿಗಿಂತ ಮೇಲೆ, ಚುರುಕ್ಕೆಂದು ಕೇಳಿಸಿತು. ಠಣ್ಣ ತನ್ನ ಪಟ್ಟಿಗಳನ್ನು ಅನುಮಾನದಿಂದ ನೋಡಿದ, ಸುತ್ತಿಗೆಯನ್ನು ನೋಡಿದ, ಕೊನೆಗೆ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ಮೇಷ್ಟ್ರು ಕಡ್ಡಿ ಆಡಿಸುತ್ತಲೇ ಒಮ್ಮೆ ಪೀಪಿಯ ಕಡೆ ನೋಡಿದರು. ಅವಳು ಹಾಳೆಯೊಳಗೆ ಮುಖ ಹುದುಗಿಸಿದಳು.

ನಾಟಕ ಮಾತ್ರ ಜೋರಾಗಿ ನಡೆಯಿತು. ಎರಡನೆಯ ಕ್ಯಾಪ್ಟನ್ನನ ಮೀಸೆ ಕಳಚಿ ಮೊದಲನೆಯವನ ಭುಜದ ಮೇಲೆ ಬಿತ್ತು. ಅವನು ಅದನ್ನು ಪದಕದಂತೆ ಅಲ್ಲೇ ಒತ್ತಿಕೊಂಡು ಹಾಡು ಮುಂದುವರಿಸಿದ, ಜನ ಬಿದ್ದು ಬಿದ್ದು ನಕ್ಕರು. ಅಕ್ಕ ಚೆನ್ನಾಗಿಯೇ ಹಾಡುತ್ತಿದ್ದಳು. ಆದರೂ ಏನೋ ಕಾಲಿಗೆ ಸಿಕ್ಕಿಕೊಂಡವಳಂತೆ ಆಗಾಗ ತಡವರಿಸುತ್ತಿದ್ದಳು. ಅದು ಹೆದರಿಕೆ ಎಂದುಕೊಂಡಳು ಪೀಪಿ.

ಬಿರುಗಾಳಿ ಎದ್ದಿತು, ದೀಪ ಆರಿತು. ರಂಗ ಕತ್ತಲಾಯಿತು. ವಾದ್ಯಗಳು ನಿಂತವು.

ಅಕ್ಕನ ದನಿ ಒಂದೇ ಒಂದು, ಆ ದೊಡ್ಡ ಕತ್ತಲಲ್ಲಿ. ಕೆಳಗಿನ ಸ್ವರದಲ್ಲಿ, ತಮಗೆ ತಾವೇ ಹೇಳಿಕೊಳ್ಳುವವರಂತೆ ಶುರುವಾಯಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪೀಪಿಯ ಕಿವಿ ನೆಟ್ಟಗಾಯಿತು. ದನಿ ವಾದ್ಯಗಳು ಬಿಟ್ಟ ಜಾಗದಲ್ಲಿರಲಿಲ್ಲ. ಸ್ವಲ್ಪ ಸ್ವಲ್ಪವೇ, ಆದರೆ ಒಂದಿಷ್ಟೂ ಅನುಮಾನವಿಲ್ಲದೆ, ಅದು ಮೇಲೇರಿತ್ತು. ಹಿಡಿದುಕೊಳ್ಳಲು ವಾದ್ಯಗಳಿಲ್ಲವಾದ ಮೇಲೆ ಅಕ್ಕ ಅವರ ತಗ್ಗಿದ ಶ್ರುತಿಯನ್ನು ಕೊಡವಿ ಬಿಟ್ಟು, ಸರಿಯಾದ ಜಾಗಕ್ಕೆ ತಾನೇ ನಡೆದುಹೋಗಿದ್ದಳು. ತಡವರಿಕೆ ಈಗ ಎಲ್ಲೂ ಇರಲಿಲ್ಲ. ಚಳಿಗಾಲಕ್ಕಿಂತ ಮುಂಚೆಯೂ ಅವಳು ಹೀಗೆ ಹಾಡಿದ್ದನ್ನು ಪೀಪಿ ಕೇಳಿರಲಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಅಳು ಬಂತು, ಮರುಕ್ಷಣವೇ ಜೀವ ಬಾಯಿಗೆ ಬಂತು.

ಇನ್ನು ನಾಲ್ಕು ಸಾಲು. ಅಕ್ಕ ತುದಿ ಮುಟ್ಟಿ ನಿಲ್ಲುತ್ತಾಳೆ, ಓಬೋ ಹೋಗಿ ಅವಳನ್ನು ಸೇರಬೇಕು. ಈ ರೀಡಿನಲ್ಲಿ ಊದಿದರೆ ಹಡಗು ಅವಳಿಗಿಂತ ಕೆಳಗೆ ಬಂದು ಉಜ್ಜುತ್ತದೆ, ಆ ಎತ್ತರದಲ್ಲಿ ಅಂಥ ಪೆಟ್ಟಿಗೆ ಅಕ್ಕನ ದನಿ ಒಡೆದೇ ಒಡೆಯುತ್ತದೆ. ಒಡೆಯುವುದು ಗಂಟಲಿಂದಲ್ಲ, ತನ್ನಿಂದ.

ಪೀಪಿ ಕತ್ತಲಲ್ಲೇ ಉದ್ದದ ರೀಡನ್ನು ಕಿತ್ತಳು. ಅದು ಎಲ್ಲೋ ಬಿತ್ತು. ಬಟ್ಟಲಿಗೆ ಕೈ ಹಾಕಿದಾಗ ನೀರು ಚೆಲ್ಲಿತು. ಎಂದಿನ ರೀಡು ಸಿಕ್ಕಿತು. ಸಿಕ್ಕಿಸಿ ತುಟಿಗಿಟ್ಟುಕೊಂಡಳು. ಊದಿ ಪರೀಕ್ಷಿಸುವ ಹಾಗಿಲ್ಲ, ಇಡೀ ಸಭೆಗೆ ಕೇಳಿಸುತ್ತದೆ. ಇದ್ದದ್ದು ತಲೆಯೊಳಗೆ ಮನೆ ಮಾಡಿದ ಆ ಸ್ವರ ಒಂದೇ.

ಅಕ್ಕ ಕೊನೆಯ ಮೆಟ್ಟಿಲು ಹತ್ತಿದಳು. ಸ್ವರ ನಿಂತಿತು. ಒಡೆಯಲಿಲ್ಲ. ಒಡೆಯದೆ, ನಡುಗದೆ ನಿಂತೇ ಇತ್ತು, ಮತ್ತು ಪೀಪಿ ಊದಿದಳು.

ಎರಡು ದನಿ ಸೇರಿದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದೇ ದನಿ ಸುಮ್ಮನೆ ದೊಡ್ಡದಾದ ಹಾಗಾಯಿತು, ಅಷ್ಟೇ. ಎಲ್ಲಿ ಅಕ್ಕ ಮುಗಿದು ಎಲ್ಲಿ ತಾನು ಶುರುವಾದೆ ಎನ್ನುವುದು ಪೀಪಿಗೇ ತಿಳಿಯಲಿಲ್ಲ. ಕತ್ತಲಲ್ಲಿ ಯಾರೋ "ಅಯ್ಯೋ" ಎಂದು ಉಸಿರುಬಿಟ್ಟರು.

ಆರ್ಕೆಸ್ಟ್ರಾ ಇನ್ನೂ ಕೆಳಗೇ ಇತ್ತಲ್ಲ! ಮೇಷ್ಟ್ರ ಕಡ್ಡಿ ಮೇಲೆದ್ದಿತು. ಎದ್ದದ್ದು ಒಂದು ಗಳಿಗೆ ಅಲ್ಲೇ ತಡೆಯಿತು, ಅವರ ಇನ್ನೊಂದು ಕೈ ಪೀಪಿಯನ್ನು ತೋರಿಸಿತು. ಮಾತಿಲ್ಲ, ಕತೆಯಿಲ್ಲ. ವರ್ಷವಿಡೀ ಅವಳ ಸ್ವರದ ಹಿಂದೆ ಬಂದು ಅಭ್ಯಾಸವಾಗಿದ್ದ ಕಿವಿಗಳು ಅವು. ಪಿಟೀಲಿನವರ ಬೆರಳು ತಂತಿಯ ಮೇಲೆ ಕೂದಲೆಳೆಯಷ್ಟು ಜಾರಿದವು, ಊದುವವರ ತುಟಿ ಬಿಗಿಯಾದವು, ಮೊದಲ ಒಂದೆರಡು ಸ್ವರ ಒರಟಾಗಿ ತಿಕ್ಕಾಡಿ, ಆಮೇಲೆ ಇಡೀ ಹಳ್ಳವೇ ಎದ್ದು ಅಕ್ಕನ ದನಿಯ ಕೆಳಗೆ ಬಂದು ನಿಂತಿತು. ನೆಲದ ಹಲಗೆ ಗುಂಯ್‌ಗುಟ್ಟಿತು. ಠಣ್ಣ ಹೆದರುತ್ತಲೇ ಕೊನೆಯ ಏಟು ಹಾಕಿದ. ಠಣ್ ಎಂಬ ಆ ಸದ್ದು ಎಲ್ಲರ ನಡುವೆ ಎಷ್ಟು ಸರಿಯಾಗಿ ಕೂತಿತೆಂದರೆ, ಅವನು ಸುತ್ತಿಗೆ ಎತ್ತಿ ಅದಕ್ಕೊಂದು ಮುತ್ತು ಕೊಟ್ಟ.

ಪರದೆ ಬಿದ್ದ ಮೇಲೆ ಮೇಷ್ಟ್ರು ಹಳ್ಳದ ಮೆಟ್ಟಿಲ ಹತ್ತಿರ ಅವಳಿಗಾಗಿ ಕಾಯುತ್ತಿದ್ದರು. ಅವರ ಅಂಗೈಯಲ್ಲಿ ಉದ್ದದ ರೀಡು ಇತ್ತು. ಅದು ಉರುಳಿ ಅವರ ಕಾಲ ಬಳಿಯೇ ಹೋಗಿತ್ತು.

"ಸಾರ್... ನಿಮಗೆ ಮೊದಲೇ ಗೊತ್ತಾಗಿತ್ತಾ?"

"ಕಿವಿ ಇದೆಯಲ್ಲಮ್ಮ."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ನಿಲ್ಲಿಸಿ ಏನಂತ ಹೇಳ್ಲಿ? ನಮ್ಮ ಪೀಪಿ ಮೋಸ ಮಾಡಿದ್ಲು ಅಂತಾನಾ? ಕೊಟ್ಟವಳೇ ವಾಪಸ್ ತಗೋಬೇಕಿತ್ತು. ನೀನು ತಗೊಂಡೆ." ಅವರು ರೀಡನ್ನು ಅವಳ ಕೈಗಿಟ್ಟರು. "ಅಕ್ಕನ ಗಂಟಲು ಅಕ್ಕನದು. ಶ್ರುತಿ ನಿನ್ನದು. ಇನ್ನೊಂದ್ಸಲ ಎರಡನ್ನೂ ಕಲಸ್ಬೇಡ."

ಬಣ್ಣದ ಕೋಣೆಯಲ್ಲಿ ಬದಲಿ ಹುಡುಗಿ ಅಕ್ಕನನ್ನು ತಬ್ಬಿಕೊಂಡು ಅಳುತ್ತಿದ್ದಳು. ಹಾಡಿನ ಮೇಡಂ ಕನ್ನಡಕ ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. ಅವರೆಲ್ಲ ಹೋದ ಮೇಲೆ ಪೀಪಿ ಬಾಗಿಲಲ್ಲೇ ನಿಂತಳು. ಅಕ್ಕ ಅರ್ಧ ಬಣ್ಣ ಅಳಿಸಿದ ಮುಖ ತಿರುಗಿಸಿದಳು.

"ಏನೇ ಕಳ್ಳಿ, ಸಂಜೆಯೆಲ್ಲ ತಗ್ಗಿಸಿ ಊದಿದ್ಯಲ್ಲ!"

"ನಿಂಗೂ ಗೊತ್ತಾಯ್ತಾ?"

"ಗೊತ್ತಾಗದೆ ಏನು? ಪ್ರತಿ ಹಾಡಲ್ಲೂ ನೆಲ ಎಲ್ಲಿದೆ ಅಂತ ಹುಡುಕ್ತಿದ್ದೆ."

"ನಿಂಗೆ ಸುಲಭ ಆಗ್ಲಿ ಅಂತ ಅಕ್ಕ. ಒಡೆದುಬಿಟ್ರೆ ಅಂತ..." ಮುಂದಿನ ಮಾತು ಬಿಕ್ಕಳಿಕೆಯಲ್ಲಿ ಹೋಯಿತು.

ಅಕ್ಕ ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಚಳಿಗಾಲವೆಲ್ಲ ನಾನು ಬಾಯಿ ಮುಚ್ಕೊಂಡು ಕೂತಿದ್ದಾಗ ನೀನು ಊದ್ತಿದ್ದೆಯಲ್ಲ, ಆ ಚಾದರಗಳ ಮಧ್ಯೆ? ದಿನಾ ಅದನ್ನೇ ಹಿಡ್ಕೊಂಡು ಒಳಗೊಳಗೇ ಹಾಡ್ತಿದ್ದೆ ಕಣೇ. ಗಂಟಲು ಇಲ್ದೇ ಹಾಡ್ತಿದ್ದೆ. ದನಿ ವಾಪಸ್ ಬಂದಾಗ ಅದು ಬಂದು ಕೂತಿದ್ದೇ ನಿನ್ನ ಸ್ವರದ ಮೇಲೆ. ಇವತ್ತು ಕತ್ತಲಾದಾಗ ನಂಗೆ ಇದ್ದದ್ದು ಅದೊಂದೇ. ಅದಕ್ಕಿಂತ ತಗ್ಗಿಸಿ ಹಾಡು ಅಂದ್ರೆ ನಂಗೆ ಬರಲ್ಲ ಪೀಪಿ. ನೀನೇ ಹೇಳಿದ್ರೂ ಬರಲ್ಲ."

ಬೆಳಗಿನ ಆ ಚಾದರಗಳು, ಬಟ್ಟೆಗಂಟಿನ ಮೇಲೆ ಕಣ್ಣು ಮುಚ್ಚಿ ಕೂತ ಅಕ್ಕ, ಊದು ಊದು ಎಂದ ಆ ಕೈ, ಎಲ್ಲವೂ ಒಟ್ಟಿಗೆ ಪೀಪಿಯ ಕಣ್ಮುಂದೆ ಬಂದವು. ಹೊರಗೆ ಅಪ್ಪನ ದನಿ ಕೇಳಿಸಿತು. ಖುಷಿಯಲ್ಲಿ ಕೋಟು ಬಿಚ್ಚಿಬಿಟ್ಟಿದ್ದರೆಂದು ಕಾಣುತ್ತದೆ, ಅಮ್ಮ ಅವರ ಬೆನ್ನ ಮೇಲಿನ ಮುದ್ರೆ ಮುಚ್ಚಲು ಒದ್ದಾಡುತ್ತ ಬೈಯುತ್ತಿದ್ದಳು.

ಮರುದಿನ ಸಂಜೆ ಎರಡನೆಯ ಪ್ರದರ್ಶನ. ಬಟ್ಟಲಲ್ಲಿ ರೀಡು ಒಂದೇ ಇತ್ತು. ಠಣ್ಣ ಸುತ್ತಿಗೆ ಹಿಡಿದು ಅವಳ ಕಡೆಗೇ ನೋಡುತ್ತಿದ್ದ. ಮೇಷ್ಟ್ರು ಬಂದು ನಿಂತರು, ಗಲಾಟೆ ಅಡಗಿತು.

"ಸ್ವರ ಕೊಡಮ್ಮ."

ಪೀಪಿ ಊದಿದಳು. ಪಿಟೀಲುಗಳು ಇನ್ನೂ ಬಿಲ್ಲು ಎತ್ತಿರಲಿಲ್ಲ. ಮುಚ್ಚಿದ ಪರದೆಯ ಹಿಂದೆ, ಯಾರಿಗೂ ಕೇಳಿಸಬಾರದೆಂಬಂತೆ, ಒಂದು ದನಿ ಅದೇ ಸ್ವರವನ್ನು ಮೆಲ್ಲಗೆ ಗುನುಗಿತು.